ಆಟ ನೋಡುವವರು, ಬಜ್ಜಿ ಕರಿಯುವವರು

(ವಾಚನಾಲಯವೊಂದರ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಯದರ್ಶಿಗಳು ನನಗೆ ಒಪ್ಪಿಸಿರುವ ವಿಷಯ ‘ವಿರಾಮ ಕಾಲದ ಸದುಪಯೋಗ’. ಈ ವಿಷಯ ಸಿಕ್ಕಿದವರು ಸಾಮಾನ್ಯವಾಗಿ ಮುಂಜಾನೆ ಬೇಗ ಏಳಬೇಕು, ಸದ್ಗ್ರಂಥ ಓದಬೇಕು, ಸಿನಿಮಾ ಚಟ ಬಿಡಬೇಕು ಎಂದು ಉಪದೇಶ ಮಾಡಿ, ಹಾರ ಹಾಕಿಸಿಕೊಂಡು, ಮನೆಗೆ ಹೋಗಿ ಸಿನಿಮಾ ನೋಡುತ್ತಾರೆ. ನಾನು ಆ ದಾರಿ ಹಿಡಿಯುವುದಿಲ್ಲ. ಆಟ ನೋಡಬೇಕು, ಸಿನಿಮಾ ನೋಡಬೇಕು, ಆಗಾಗ ಏನೂ ಮಾಡದೆ ಸುಮ್ಮನೆ ಕುಳಿತಿರಲೂ ಬೇಕು ಎಂಬುದೇ ನನ್ನ ಮತ. ಹೊಟ್ಟೆಗೆ ಅನ್ನ ಹೇಗೋ ಮನಸ್ಸಿಗೆ ಬಿಡುವು ಹಾಗೆ. ಆದರೆ ಸದುಪಯೋಗದ ಮಾತಿಗೆ ಮೊದಲು ಒಂದು ಸಣ್ಣ ಪ್ರಶ್ನೆ ಉಂಟು. ಈ ವಿರಾಮ ಎಂಬ ಪದಾರ್ಥ ಮನೆಯಲ್ಲಿ ಯಾರ ಹತ್ತಿರ ಇದೆ? ಅಕ್ಕಿ ಎಷ್ಟಿದೆ, ಬೇಳೆ ಎಷ್ಟಿದೆ ಎಂದು ಡಬ್ಬ ಅಲ್ಲಾಡಿಸಿ ನೋಡುತ್ತೇವೆ. ವಿರಾಮದ ಡಬ್ಬವನ್ನು ಯಾರೂ ಅಲ್ಲಾಡಿಸಿದಂತೆ ಕಾಣೆ.

ಭಾರತ ಮತ್ತು ಪಾಕಿಸ್ತಾನದ ಕ್ರಿಕೆಟ್ ಪಂದ್ಯ ಇರುವ ದಿನ ಯಾವ ಮನೆಗಾದರೂ ಹೋಗಿ ನೋಡಿ. ಟೆಲಿವಿಷನ್ನಿನ ಮುಂದೆ ಗಂಡಸರು, ಹುಡುಗರು, ಪಕ್ಕದ ಮನೆಯವರು ಒಡ್ಡೋಲಗ ನಡೆಸಿರುತ್ತಾರೆ. ಅಲ್ಲಿ ಒಂದು ಶಾಸ್ತ್ರವಿದೆ. ನಮ್ಮವರು ಚೆನ್ನಾಗಿ ಆಡುವಾಗ ಯಾರೂ ಕುಳಿತ ಜಾಗ ಬಿಟ್ಟು ಏಳಬಾರದು. ಎದ್ದರೆ ವಿಕೆಟ್ ಬೀಳುತ್ತದೆ. ಎಂಜಿನಿಯರಿಂಗ್ ಓದಿದ ಮಗನೂ ಈ ಶಾಸ್ತ್ರವನ್ನು ನಂಬುತ್ತಾನೆ. ನೀರು ಬೇಕಾದರೂ ಏಳುವಂತಿಲ್ಲ, ಕೂಗಬೇಕು. ಆದರೆ ಮನೆಯಾಕೆ ಐವತ್ತು ಸಲ ಏಳುತ್ತಾಳೆ, ಐವತ್ತು ಸಲ ಓಡಾಡುತ್ತಾಳೆ. ಅದರಿಂದ ಆಟಕ್ಕೆ ಏನೂ ದೋಷವಿಲ್ಲ. ಆಕೆ ಎದ್ದರೆ ವಿಕೆಟ್ ಬೀಳುವುದಿಲ್ಲ, ಬಜ್ಜಿ ಬರುತ್ತದೆ.

ಹಾಲಿನಲ್ಲಿ ದೊಡ್ಡ ಗದ್ದಲವಾದಾಗ ಆಕೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು “ಏನಾಯಿತು?” ಎನ್ನುತ್ತಾಳೆ. “ಸಿಕ್ಸರ್! ತಡಿ, ಈಗ ಮತ್ತೆ ತೋರಿಸುತ್ತಾರೆ” ಎಂಬ ಉತ್ತರ ಬರುತ್ತದೆ. ಮತ್ತೆ ತೋರಿಸುವಷ್ಟರಲ್ಲಿ ಕುಕ್ಕರು ಸೀಟಿ ಹಾಕುತ್ತದೆ. ಒಲೆ ಆರಿಸಿ ಬಂದರೆ ಓವರು ಮುಗಿದು ಜಾಹೀರಾತು. ಆ ಜಾಹೀರಾತಿನಲ್ಲಿಯೂ ಒಬ್ಬಾಕೆ ನಗುನಗುತ್ತಾ ಪೂರಿ ಕರಿಯುತ್ತಿರುತ್ತಾಳೆ. ೧೯೭೫ರ ವಿಶ್ವಕಪ್ಪಿನಲ್ಲಿ ಸುನಿಲ್ ಗವಾಸ್ಕರ್ ಅವರು ಇಂಗ್ಲೆಂಡಿನ ಎದುರು ೧೭೪ ಎಸೆತಗಳನ್ನು ಎದುರಿಸಿ ಔಟಾಗದೆ ೩೬ ರನ್ ಮಾಡಿದರು. ನಾಡೆಲ್ಲ ಬೈಯಿತು. ಅಡುಗೆಮನೆಯ ದೃಷ್ಟಿಯಿಂದ ನೋಡಿದರೆ ಅಂಥ ಉಪಕಾರಿ ಇನ್ನಿಂಗ್ಸ್ ಬೇರೊಂದಿಲ್ಲ. ಅನ್ನಕ್ಕೆ ಇಟ್ಟು, ಸಾರು ಕುದಿಸಿ, ಹಪ್ಪಳ ಸುಟ್ಟು ಬಂದರೂ ಏನೂ ತಪ್ಪಿಹೋಗುವಂತಿಲ್ಲ!

ಇದು ಬರಿಯ ತಮಾಷೆಯ ಮಾತಲ್ಲ ಎಂಬುದಕ್ಕೆ ಸರ್ಕಾರದ್ದೇ ಲೆಕ್ಕವಿದೆ. ಜನ ದಿನದ ೨೪ ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ೨೦೧೯ರಲ್ಲಿ ಭಾರತ ಸರ್ಕಾರ ದೇಶದಾದ್ಯಂತ ಸಮೀಕ್ಷೆ ಮಾಡಿಸಿತು. ಆರು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ಹೆಂಗಸರಲ್ಲಿ ನೂರಕ್ಕೆ ೮೧ ಮಂದಿ ದಿನವೂ ಸಂಬಳವಿಲ್ಲದ ಮನೆಗೆಲಸ ಮಾಡುತ್ತಿದ್ದರು. ಮಾಡುವವರ ಸರಾಸರಿ ೨೯೯ ನಿಮಿಷ. ಗಂಡಸರಲ್ಲಿ ಇಂಥ ಕೆಲಸಕ್ಕೆ ಕೈಹಾಕಿದವರು ನೂರಕ್ಕೆ ೨೬. ಅವರ ಸರಾಸರಿ ೯೭ ನಿಮಿಷ. ಉಳಿದ ೭೪ ಮಂದಿ ಪೆವಿಲಿಯನ್ನಿನಲ್ಲಿದ್ದರು ಎಂದು ತಿಳಿಯಬೇಕು. ಇಪ್ಪತ್ತು ಓವರುಗಳ ಪಂದ್ಯ ಮುಗಿಯಲು ಸುಮಾರು ಮೂರೂವರೆ ಗಂಟೆ ಹಿಡಿಯುತ್ತದೆ. ಅಂದರೆ ನಮ್ಮ ಹೆಂಗಸರು ದಿನವೂ ಒಂದು ಪೂರ್ತಿ ಪಂದ್ಯ ಆಡಿ, ಎರಡನೆಯದರಲ್ಲಿಯೂ ಅರ್ಧದವರೆಗೆ ಬಂದಿರುತ್ತಾರೆ. ಮಳೆ ಬಂದರೆ ಕ್ರಿಕೆಟ್ ನಿಲ್ಲುತ್ತದೆ. ಈ ಆಟ ನಿಲ್ಲುವುದಿಲ್ಲ. ಮಳೆ ಬಂದರೆ ಬಟ್ಟೆ ಒಣಗಿಸುವ ಕೆಲಸ ಇನ್ನೂ ಹೆಚ್ಚು.

“ಗಂಡಸರು ಹೊರಗೆ ದುಡಿದು ದಣಿದು ಬರುವುದಿಲ್ಲವೇ?” ಎಂದು ಯಾರಾದರೂ ಕೇಳಬಹುದು. ಖಂಡಿತ ದಣಿದು ಬರುತ್ತಾರೆ. ಗದ್ದೆಯಲ್ಲಿ ದಿನವೆಲ್ಲ ಬಗ್ಗಿ ನಾಟಿ ಮಾಡುವ ಹೆಂಗಸೂ, ಬೀಡಿ ಕಟ್ಟುವ ಹೆಂಗಸೂ, ಶಾಲೆಯಲ್ಲಿ ಪಾಠ ಹೇಳುವ ಹೆಂಗಸೂ ದಣಿದೇ ಬರುತ್ತಾರೆ. ಒಂದೇ ಬಸ್ಸಿನಲ್ಲಿ ಬಂದು ಇಬ್ಬರೂ ಒಂದೇ ಹೊಸಿಲು ದಾಟುತ್ತಾರೆ. ದಾಟಿದ ಮೇಲೆ ಒಬ್ಬರು ಬಲಕ್ಕೆ ತಿರುಗಿ ಕುರ್ಚಿಗೆ ಹೋಗುತ್ತಾರೆ, ಇನ್ನೊಬ್ಬರು ಎಡಕ್ಕೆ ತಿರುಗಿ ಒಲೆಗೆ ಹೋಗುತ್ತಾರೆ. ಈ ತಿರುವನ್ನು ಯಾವ ಅಂಪೈರೂ ಗಮನಿಸುವುದಿಲ್ಲ.

೧೯೮೩ರ ಜೂನ್ ೧೮ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆಯ ಎದುರು ನಮ್ಮವರು ೧೭ ರನ್ನಿಗೆ ೫ ವಿಕೆಟ್ ಕಳೆದುಕೊಂಡಿದ್ದರು. ಆಗ ಕಪಿಲ್ ದೇವ್ ಔಟಾಗದೆ ೧೭೫ ರನ್ ಹೊಡೆದರು. ಪಂದ್ಯ ಗೆದ್ದಿತು, ಏಳು ದಿನಗಳ ನಂತರ ವಿಶ್ವಕಪ್ಪೂ ಬಂದಿತು. ಆದರೆ ಆ ದಿನ ಅಲ್ಲಿ ಟೆಲಿವಿಷನ್ ಕ್ಯಾಮರಾ ಇರಲಿಲ್ಲ. ಅಂಥ ಆಟ ನಮ್ಮ ಕಣ್ಣಿಗೆ ಬೀಳದೆ ಹೋಯಿತಲ್ಲ ಎಂದು ನಾಲ್ಕು ದಶಕ ಕಳೆದರೂ ಗಂಡಸರು ನಿಟ್ಟುಸಿರು ಬಿಡುತ್ತಾರೆ. ಒಂದೇ ಒಂದು ಇನ್ನಿಂಗ್ಸ್ ತಪ್ಪಿಹೋದದ್ದಕ್ಕೆ ಇಷ್ಟು ದುಃಖ! ಮನೆಯ ಹೆಂಗಸಿಗೆ ಪ್ರತಿ ಪಂದ್ಯದಲ್ಲಿಯೂ ಅಂಥ ಒಂದು ತಪ್ಪಿಹೋಗುತ್ತದೆ. ಅದಕ್ಕೆ ನಿಟ್ಟುಸಿರು ಬಿಟ್ಟವರನ್ನು ನಾನು ಕಂಡಿಲ್ಲ.

ಆ ಪಂದ್ಯದ ಇನ್ನೊಂದು ಮಾತನ್ನು ಕನ್ನಡಿಗರಾದರೂ ನೆನೆಯಬೇಕು. ಇನ್ನೊಂದು ತುದಿಯಲ್ಲಿ ನಮ್ಮ ಸೈಯದ್ ಕಿರ್ಮಾನಿ ಇದ್ದರು. ಒಂಬತ್ತನೆಯ ವಿಕೆಟ್ಟಿಗೆ ಇಬ್ಬರೂ ಸೇರಿ ಮುರಿಯದೆ ೧೨೬ ರನ್ ಕೂಡಿಸಿದರು. ಅದರಲ್ಲಿ ಕಿರ್ಮಾನಿಯವರದು ಬರಿಯ ೨೪. ಆದರೆ ಅವರು ಔಟಾಗಿದ್ದರೆ ೧೭೫ ಎಲ್ಲಿಂದ ಬರಬೇಕು? ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ಕಪಿಲ್ ದೇವ್ ಇದ್ದಾರೆ ಎಂದುಕೊಳ್ಳೋಣ. ಇನ್ನೊಂದು ತುದಿಯನ್ನು ಕಾಯುತ್ತಿರುವವರು ಯಾರು, ಅವರ ಹೆಸರು ಸ್ಕೋರು ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಊಟಕ್ಕೆ ಕುಳಿತಾಗ ತಲೆಯೆತ್ತಿ ನೋಡಿದರೆ ತಿಳಿಯುತ್ತದೆ.

ಇನ್ನು ಸಿನಿಮಾ. ಸಿನಿಮಾ ಮನೆಯ ಕನ್ನಡಿ ಎನ್ನುತ್ತಾರೆ. ಹೌದು, ಮನೆಯ ಸೋಜಿಗವೆಲ್ಲ ಅಲ್ಲಿ ದೊಡ್ಡದಾಗಿ ಕಾಣುತ್ತದೆ. ೧೯೫೪ರಲ್ಲಿ ‘ಬೇಡರ ಕಣ್ಣಪ್ಪ’ ಬಂದಾಗ ರಾಜಕುಮಾರ್ ನಾಯಕ, ಪಂಡರೀಬಾಯಿಯವರು ನಾಯಕಿ. ವರ್ಷಗಳು ಉರುಳಿದವು. ರಾಜಕುಮಾರರು ನಾಯಕರಾಗಿಯೇ ಉಳಿದರು. ಪಂಡರೀಬಾಯಿಯವರು ಅವರಿಗೆ ತಾಯಿಯಾದರು! ತೆರೆಯ ಮೇಲೆ ಗಂಡಸಿಗೆ ವಯಸ್ಸಾಗುವುದಿಲ್ಲ, ಹೆಂಗಸಿಗೆ ಮಾತ್ರ ಬಲುಬೇಗ ಆಗುತ್ತದೆ. ಆದ ಕೂಡಲೇ ಆಕೆಯ ಕೈಗೆ ಒಂದು ತಟ್ಟೆ ಕೊಟ್ಟು “ಊಟ ಮಾಡಪ್ಪ” ಎನ್ನಿಸುತ್ತಾರೆ. ಇದು ರಾಜಕುಮಾರರ ತಪ್ಪೂ ಅಲ್ಲ, ಪಂಡರೀಬಾಯಿಯವರ ತಪ್ಪೂ ಅಲ್ಲ. ಟಿಕೀಟು ಕೊಂಡು ಕುಳಿತ ನಮ್ಮ ಕಣ್ಣಿಗೆ ಅದೇ ಸರಿ ಎನಿಸಿತು. ಮನೆಯಲ್ಲಿ ಕಂಡದ್ದನ್ನೇ ತೆರೆಯ ಮೇಲೂ ಕಂಡು ಚಪ್ಪಾಳೆ ತಟ್ಟಿ ಬಂದೆವು.

“ಹೆಂಗಸರಿಗೆ ಆಟದಲ್ಲಿ ಅಷ್ಟು ಆಸಕ್ತಿಯಿಲ್ಲ” ಎನ್ನುವ ಮಹನೀಯರಿಗೆ ಒಂದು ವಿಷಯ ತಿಳಿಸಬೇಕು. ಕ್ರಿಕೆಟ್ಟಿನ ಮೊದಲ ವಿಶ್ವಕಪ್ ಆಡಿದವರು ಹೆಂಗಸರು. ಅದು ೧೯೭೩ರಲ್ಲಿ ನಡೆಯಿತು. ಗಂಡಸರದು ನಡೆದದ್ದು ಎರಡು ವರ್ಷ ತಡವಾಗಿ. ೧೯೭೬ರಲ್ಲಿ ಭಾರತದ ಹೆಂಗಸರು ತಮ್ಮ ಮೊದಲ ಟೆಸ್ಟ್ ಪಂದ್ಯವನ್ನು ಬೆಂಗಳೂರಿನಲ್ಲಿಯೇ ಆಡಿದರು. ನಾಯಕಿ ನಮ್ಮ ಶಾಂತಾ ರಂಗಸ್ವಾಮಿ. ಆ ತಲೆಮಾರಿನವರು ರೈಲಿನಲ್ಲಿ ಸೀಟು ಕಾಯ್ದಿರಿಸದೆ ಪ್ರಯಾಣ ಮಾಡಿ, ನೆಲದ ಮೇಲೆ ಮಲಗಿ ಎದ್ದು ದೇಶಕ್ಕಾಗಿ ಆಡಿದರು. ಗಂಡಸರಿಗೂ ಹೆಂಗಸರಿಗೂ ಸಮಾನ ಪಂದ್ಯ ಶುಲ್ಕ ಎಂದು ಕ್ರಿಕೆಟ್ ಮಂಡಳಿ ಘೋಷಿಸಲು ೨೦೨೨ನೆಯ ಇಸವಿ ಬರಬೇಕಾಯಿತು. ೨೦೨೫ರ ನವೆಂಬರ್ ೨ರಂದು ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕವನ್ನು ೫೨ ರನ್ನುಗಳಿಂದ ಸೋಲಿಸಿ ವಿಶ್ವಕಪ್ ಗೆದ್ದರು. ಮಧ್ಯರಾತ್ರಿಯವರೆಗೆ ಗಂಡಸರು ಕಣ್ಣು ಮಿಟುಕಿಸದೆ ನೋಡಿ ಕುಣಿದಾಡಿದರು. ಬಹಳ ಸಂತೋಷ. ಆದರೆ ಹೆಂಗಸರು ವಿಶ್ವಕಪ್ ಗೆಲ್ಲುವುದನ್ನು ಗಂಡಸರು ನೋಡಲೆಂದು ಎಷ್ಟು ಮನೆಗಳಲ್ಲಿ ಹೆಂಗಸರು ಬಜ್ಜಿ ಕರಿದಿರಬೇಕು!

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಕಾನೂನೇನೂ ಬೇಕಿಲ್ಲ, ಮೂರು ಸಣ್ಣ ನಿಯಮಗಳು ಸಾಕು. ಒಂದು: ಬಜ್ಜಿಯ ಕೆಲಸ ಟಾಸಿಗೆ ಮೊದಲೇ ಮುಗಿಯಬೇಕು, ತಿನ್ನುವವರೆಲ್ಲ ಈರುಳ್ಳಿ ಹೆಚ್ಚಬೇಕು. ಎರಡು: ಆಟದ ನಡುವೆ ನೀರು, ಕಾಫಿ ತರುವ ಕೆಲಸಕ್ಕೆ ಸರದಿ ಇರಬೇಕು. ಕ್ರಿಕೆಟ್ಟಿನಲ್ಲಿ ನೀರು ತರುವವನು ಹನ್ನೆರಡನೆಯ ಆಟಗಾರ. ೧೯೨೮ರಲ್ಲಿ ಸಿಡ್ನಿಯ ಟೆಸ್ಟಿನಲ್ಲಿ ಹನ್ನೆರಡನೆಯವರಾಗಿದ್ದವರು ಸಾಕ್ಷಾತ್ ಬ್ರಾಡ್‌ಮನ್. ಅವರಿಗೆ ಕುಂದಾಗದ ಪದವಿ ನಮಗೆ ಕುಂದಾಗಲಾರದು. ಮೂರು: ವಾರಕ್ಕೊಂದು ಸಂಜೆ ಗಂಡಸರೇ ಉಪ್ಪಿಟ್ಟು ಕೆದಕಬೇಕು. ಉಪ್ಪು ಹೆಚ್ಚಾದರೆ ಟಾಸ್ ಸೋತೆವೆಂದು ತಿಳಿದು ತಿನ್ನಬೇಕು. ಆಕೆಯನ್ನು ಸಲಹೆಗೆಂದು ಮತ್ತೆ ಒಳಗೆ ಕರೆಯಬಾರದು. ಹೆಚ್ಚು ಕೆಡುವುದು ಅಲ್ಲಿಯೇ.

ಇದರಿಂದ ಸಂಸಾರಕ್ಕೆ ನಷ್ಟವಿಲ್ಲ. ಒಬ್ಬರು ಕುಳಿತು ನಕ್ಕರೆ ಅದು ಕಾಲಕ್ಷೇಪ; ಮನೆಯವರೆಲ್ಲ ಒಟ್ಟಿಗೆ ಕುಳಿತು ನಕ್ಕರೆ ಅದು ಸಂಸಾರ. ವಿರಾಮದ ಸದುಪಯೋಗವೆಂದರೆ ಮೊದಲು ಅದನ್ನು ಹಂಚಿಕೊಳ್ಳುವುದು. ಹಂಚಿಕೊಂಡ ಮೇಲೆ ಸದ್ಗ್ರಂಥವನ್ನಾದರೂ ಓದಿ, ಸಿನಿಮಾ ಹಾಡನ್ನಾದರೂ ಕೇಳಿ, ನನ್ನದೇನೂ ತಕರಾರಿಲ್ಲ.

ಸಭೆಯ ಹಿಂಬದಿಯ ಕೋಣೆಯಿಂದ ಕಾಫಿಯ ಪರಿಮಳ ಬರುತ್ತಿದೆ. ಅದನ್ನು ಮಾಡುತ್ತಿರುವವರಿಗೆ ಈ ಭಾಷಣ ಕೇಳಿಸಿರಲಾರದು. ಆದ್ದರಿಂದ ಕೇಳಿಸಿಕೊಂಡ ನೀವು ಲೋಟ ಹಿಂದಕ್ಕೆ ಕೊಡುವಾಗ ಅದನ್ನು ತೊಳೆದು ಕೊಟ್ಟರೆ, ಈ ಭಾಷಣ ಸಾರ್ಥಕವಾಯಿತೆಂದು ನಾನು ತಿಳಿಯುತ್ತೇನೆ.