ಬಡವರ ಮನೆಗೆ ಹವೆಯ ಕಾವಲು

(ಸಂಸ್ಥೆಯ ವಾರ್ಷಿಕ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಸಭೆಗಳಲ್ಲಿ ವಿದ್ಯಾರ್ಥಿವೇತನದ ಬಗ್ಗೆ, ತರಬೇತಿಯ ಬಗ್ಗೆ, ಉದ್ಯೋಗದ ಬಗ್ಗೆ ಪ್ರತಿವರ್ಷ ಮಾತನಾಡುತ್ತೇವೆ. ಅದು ಬೇಕು. ಆದರೆ ಶಾಲೆ ಬಿಟ್ಟ ಮೇಲೆ ವಿದ್ಯಾರ್ಥಿ ಹಿಂತಿರುಗುವುದು ಒಂದು ಮನೆಗೆ. ಆ ಮನೆಯ ಛಾವಣಿ ಎಂಥದು, ಗೋಡೆ ಎಂಥದು, ಅದರೊಳಗೆ ಕುಳಿತು ಓದಲು ಸಾಧ್ಯವೇ ಎಂದು ನಾವು ವಿಚಾರಿಸುವುದು ಕಡಿಮೆ. ಇಂದು ನನಗೆ ಕೊಟ್ಟಿರುವ ಸಮಯದಲ್ಲಿ ಈ ಒಂದು ವಿಷಯವನ್ನು ಮಾತ್ರ ನಿಮ್ಮ ಮುಂದೆ ಇಡುತ್ತೇನೆ.

ಇಂಗ್ಲಿಷಿನಲ್ಲಿ ‘ವೆದರೈಸೇಷನ್’ ಎಂಬ ಮಾತಿದೆ. ಚಳಿ, ಗಾಳಿ, ಮಳೆ, ಬಿಸಿಲುಗಳನ್ನು ತಡೆಯುವಂತೆ ಮನೆಯನ್ನು ಭದ್ರಪಡಿಸುವುದು ಎಂದು ಅದರ ಅರ್ಥ. ಉರ್ದುವಿನಲ್ಲಿ ‘ಮೌಸಮ್’ ಇದೆ, ಕನ್ನಡದಲ್ಲಿ ‘ಹವಾಮಾನ’ ಇದೆ. ಆದರೆ ಮನೆಯನ್ನು ಮೌಸಮಿಗೆ ಸಿದ್ಧಗೊಳಿಸುವುದಕ್ಕೆ ಎರಡು ಭಾಷೆಯಲ್ಲೂ ರೂಢಿಯ ಒಂದೇ ಪದ ನನಗೆ ಸಿಕ್ಕಿಲ್ಲ. ಪದ ಇಲ್ಲದಿದ್ದರೂ ಕೆಲಸ ನಮ್ಮ ಹಿರಿಯರಿಗೆ ಗೊತ್ತಿತ್ತು. ಕರಾವಳಿಯಲ್ಲಿ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುತ್ತಾರೆ. ಮಲೆನಾಡಿನಲ್ಲಿ ಗೋಡೆಗೆ ಎರಚಲು ಬಡಿಯದಂತೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಾರೆ. ನಮ್ಮ ಕಡೆ ಮಣ್ಣಿನ ಮಾಳಿಗೆಗೆ ಹೊಸ ಮಣ್ಣು ಹಾಕಿ ಗಟ್ಟಿ ಮಾಡುತ್ತಿದ್ದರು. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಮನೆಗಳು ಹೋಗಿ ತಗಡಿನ ಶೆಡ್ಡುಗಳು, ಸಿಮೆಂಟ್ ಶೀಟಿನ ಬಾಡಿಗೆ ಕೋಣೆಗಳು ಬಂದವು. ಮನೆಯ ಜೊತೆಗೆ ಆ ರೂಢಿಯೂ ಹೋಯಿತು.

ಇದನ್ನೇ ಒಂದು ಸರ್ಕಾರಿ ಕಾರ್ಯಕ್ರಮವಾಗಿ ಮಾಡಿದ ದೇಶ ಅಮೆರಿಕ. 1973ರಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆಗೆ ತಡೆಯೊಡ್ಡಿದಾಗ ಅಲ್ಲಿ ಇಂಧನದ ಬೆಲೆ ಏರಿತು. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ಇಂಧನ ಬೇಕೇಬೇಕಾದ ದೇಶ ಅದು. ಬಿರುಕು ಬಿಟ್ಟ ಬಾಗಿಲು, ತೆಳುವಾದ ಗೋಡೆಯ ಮನೆಗಳಲ್ಲಿ ಇರುವವರು ಬಡವರು. ಕೊಂಡ ಶಾಖ ಸಂದಿಗಳಿಂದ ಹೊರಗೆ ಹೋಗುತ್ತಿತ್ತು. ಆದಾಯ ಕಡಿಮೆ ಇದ್ದವನ ಸಂಪಾದನೆಯಲ್ಲೇ ಇಂಧನ ಹೆಚ್ಚು ಪಾಲು ತಿನ್ನುತ್ತಿತ್ತು. ಇದನ್ನು ಗಮನಿಸಿ 1976ರಲ್ಲಿ ಕಡಿಮೆ ಆದಾಯದವರ ಮನೆಗಳ ಭದ್ರತೆಗಾಗಿ ಕಾನೂನಿನ ಮೂಲಕ ನೆರವಿನ ಕಾರ್ಯಕ್ರಮವನ್ನು ಆರಂಭಿಸಿದರು.

ಮೊದಲ ವರ್ಷಗಳಲ್ಲಿ ಸ್ವಯಂಸೇವಕರು ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುವುದು, ಸಂದಿಗೆ ಮೆತ್ತುವುದು ಇಂಥ ಕೆಲಸಗಳನ್ನೇ ಹೆಚ್ಚಾಗಿ ಮಾಡುತ್ತಿದ್ದರು. ಅವು ತಾತ್ಕಾಲಿಕ ಉಪಾಯಗಳು. ಮುಂದೆ ಕೆಲಸ ಶಾಸ್ತ್ರೀಯವಾಯಿತು. ತರಬೇತಿ ಪಡೆದವರು ಬಂದು ಮುಂಬಾಗಿಲಿಗೆ ದೊಡ್ಡ ಫ್ಯಾನ್ ಜೋಡಿಸಿ ಒಳಗಿನ ಗಾಳಿಯನ್ನು ಹೊರಗೆಳೆಯುತ್ತಾರೆ. ಆಗ ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲಲ್ಲಿಂದ ಹೊರಗಿನ ಗಾಳಿ ಒಳನುಗ್ಗುತ್ತದೆ. ಸೋರಿಕೆಯ ಜಾಗ ಕಂಡುಹಿಡಿದು ಮುಚ್ಚುತ್ತಾರೆ. ಮಾಡಿನ ಕೆಳಗೆ ಶಾಖ ತಡೆಯುವ ಪದರ ತುಂಬುತ್ತಾರೆ. ಹಳೆಯ ವೃತ್ತಪತ್ರಿಕೆಗಳನ್ನು ನುಣ್ಣಗೆ ಚೂರು ಮಾಡಿ, ಬೆಂಕಿ ಹತ್ತದಂತೆ ಸಂಸ್ಕರಿಸಿ ತಯಾರಿಸಿದ ಪದರವೂ ಬಳಕೆಯಲ್ಲಿದೆ. ಒಲೆ, ಹೀಟರುಗಳಿಂದ ವಿಷಾನಿಲ ಬರುತ್ತಿದೆಯೇ ಎಂದೂ ಪರೀಕ್ಷಿಸುತ್ತಾರೆ. ಹಣ ಕೇಂದ್ರದಿಂದ ರಾಜ್ಯಕ್ಕೆ, ರಾಜ್ಯದಿಂದ ಊರಿನ ಸೇವಾಸಂಸ್ಥೆಗಳಿಗೆ ಬರುತ್ತದೆ. ಮನೆಯವರು ಹಣ ಕೊಡಬೇಕಾಗಿಲ್ಲ. ವೃದ್ಧರು, ಅಂಗವಿಕಲರು, ಮಕ್ಕಳಿರುವ ಕುಟುಂಬಗಳಿಗೆ ಆದ್ಯತೆ. ಹೀಗೆ 70 ಲಕ್ಷಕ್ಕೂ ಹೆಚ್ಚು ಮನೆಗಳು ಸುಧಾರಿಸಿವೆ. ಒಂದು ಕುಟುಂಬಕ್ಕೆ ವರ್ಷಕ್ಕೆ ಸರಾಸರಿ 370 ಡಾಲರಿನಷ್ಟು ಉಳಿತಾಯವೆಂದು ಅಲ್ಲಿನ ಇಂಧನ ಇಲಾಖೆ ಲೆಕ್ಕ ಹಾಕಿದೆ.

ಅಲ್ಲಿ ಇಂಧನದ ಬಿಲ್ಲು ಕಟ್ಟಲು ನೆರವಾಗುವ ಇನ್ನೊಂದು ಯೋಜನೆಯೂ 1981ರಲ್ಲಿ ರೂಪುಗೊಂಡಿತು. ಎರಡಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿರಿ. ಬಿಲ್ಲಿಗೆ ಕೊಟ್ಟ ಹಣ ಆ ಚಳಿಗಾಲಕ್ಕೆ ಮುಗಿಯುತ್ತದೆ, ಮರುವರ್ಷ ಮತ್ತೆ ಕೇಳಬೇಕು. ಮನೆಗೆ ಹಾಕಿದ ಹಣ ಅನೇಕ ವರ್ಷ ಕೆಲಸ ಮಾಡುತ್ತದೆ. ನಮ್ಮಲ್ಲಿ 2023ರಲ್ಲಿ ಗೃಹಜ್ಯೋತಿ ಯೋಜನೆ ಬಂತು. ಸರಾಸರಿ ಬಳಕೆಯ ಲೆಕ್ಕದ ಮೇಲೆ 200 ಯೂನಿಟ್‌ವರೆಗೆ ವಿದ್ಯುತ್ತಿಗೆ ಬಿಲ್ಲಿಲ್ಲ. ಬಡ ಕುಟುಂಬಕ್ಕೆ ಅದು ದೊಡ್ಡ ನಿರಾಳ. ಆದರೆ ಕಾದ ತಗಡಿನ ಕೆಳಗೆ ಫ್ಯಾನ್ ತಿರುಗಿದರೆ ಕೆಳಗಿಳಿಯುವುದು ಬಿಸಿಗಾಳಿಯೇ. ಬಿಲ್ಲಿನ ಕಷ್ಟ ನೀಗಿದರೂ ಛಾವಣಿಯ ಕಷ್ಟ ಉಳಿಯುತ್ತದೆ.

ಅಮೆರಿಕದವರ ಸಮಸ್ಯೆ ಮುಖ್ಯವಾಗಿ ಚಳಿ. ನಮ್ಮ ಕಲಬುರಗಿ, ರಾಯಚೂರು ಸೀಮೆಯ ಸಮಸ್ಯೆ ಬಿಸಿಲು. ಏಪ್ರಿಲ್-ಮೇ ತಿಂಗಳಲ್ಲಿ ಈ ಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿ ಇದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಕೆಲಸ ಸಾಗದು ಎಂದು ಸರ್ಕಾರವೇ ಒಪ್ಪಿಕೊಂಡ ಹಾಗಾಯಿತು. ಅದೇ ಮಧ್ಯಾಹ್ನ ತಗಡಿನ ಮನೆಯಲ್ಲಿ ಬೀಡಿ ಕಟ್ಟುವ, ಹೊಲಿಗೆ ಹಾಕುವ ತಾಯಿಗೆ ಯಾರೂ ರಜೆ ಕೊಡುವುದಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುವ ಮಗುವಿಗೂ ಇಲ್ಲ. ನ್ಯೂಯಾರ್ಕ್ ನಗರದ ಪ್ರೌಢಶಾಲಾ ಪರೀಕ್ಷೆಗಳ ಫಲಿತಾಂಶಗಳನ್ನು ಸಂಶೋಧಕರು ಪರಿಶೀಲಿಸಿದಾಗ, ಹೆಚ್ಚು ಬಿಸಿಯಿದ್ದ ದಿನ ಪರೀಕ್ಷೆ ಬರೆದವರ ಅಂಕ ಇಳಿದದ್ದು ಕಂಡುಬಂತು. ಎಷ್ಟೋ ಮಕ್ಕಳ ಕಡಿಮೆ ಅಂಕವನ್ನು ನಾವು ಸೋಮಾರಿತನದ ಲೆಕ್ಕಕ್ಕೆ ಬರೆಯುತ್ತೇವೆ. ಅದರಲ್ಲಿ ಛಾವಣಿಯ ಪಾಲೆಷ್ಟು ಎಂದು ಯೋಚಿಸಬೇಕಾಗಿದೆ.

ಬಿಸಿಲಿಗೂ ಉಪಾಯವಿದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಆ ಒಂದು ತಿಂಗಳಲ್ಲಿ ವಾಡಿಕೆಗಿಂತ 1,344 ಹೆಚ್ಚು ಸಾವುಗಳು ಸಂಭವಿಸಿದವೆಂದು ಅಧ್ಯಯನ ತಿಳಿಸಿತು. 2013ರಲ್ಲಿ ಆ ನಗರ ಬಿಸಿಲಿನ ಅನಾಹುತ ತಡೆಯುವ ಯೋಜನೆ ರೂಪಿಸಿತು. 2017ರಲ್ಲಿ ಬಡವರ ಸುಮಾರು 3,000 ಮನೆಗಳ ಛಾವಣಿಗೆ ಬಿಳಿ ಸುಣ್ಣ ಬಳಿಯಲಾಯಿತು. ನಮ್ಮ ಮಗ್ಗುಲಲ್ಲೇ ಇರುವ ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ಐದು ವರ್ಷಗಳ ನೀತಿ ಪ್ರಕಟಿಸಿತು. ಸರ್ಕಾರ ಕಟ್ಟಿಕೊಡುವ ಬಡವರ ಮನೆಗಳೂ ಅದರ ವ್ಯಾಪ್ತಿಗೆ ಸೇರಿವೆ.

ಇದರ ಹಿಂದಿರುವುದು ನೀವು ವಿಜ್ಞಾನದ ತರಗತಿಯಲ್ಲಿ ಓದಿದ ಪಾಠವೇ. ಕಪ್ಪು ಮೇಲ್ಮೈ ಬೆಳಕನ್ನು ಹೀರುತ್ತದೆ, ಬಿಳಿ ಮೇಲ್ಮೈ ಪ್ರತಿಫಲಿಸುತ್ತದೆ. ತಗಡು ಬೇಗ ಕಾದು ಬೇಗ ಆರುತ್ತದೆ. ಆರ್‌ಸಿಸಿ ಛಾವಣಿ ಹಗಲೆಲ್ಲ ಶಾಖ ಕೂಡಿಟ್ಟುಕೊಂಡು ರಾತ್ರಿ ಒಳಗೆ ಬಿಡುತ್ತದೆ. ಅದಕ್ಕೇ ಸ್ಲ್ಯಾಬಿನ ಮನೆಯಲ್ಲಿ ನಡುರಾತ್ರಿಯಾದರೂ ಸೆಕೆ. ಛಾವಣಿ ಬಿಳಿಯಾದರೆ ಒಳಗಿನ ಬಿಸಿ 2ರಿಂದ 5 ಡಿಗ್ರಿಯಷ್ಟು ಇಳಿಯಬಹುದು. ಬೇಸಿಗೆ ಬಲಿಯುವ ಮೊದಲೇ, ಫೆಬ್ರವರಿಯಲ್ಲಿ, ಛಾವಣಿ ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಎರಡು ಸಲ ಬಳಿಯಬೇಕು. ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿವರ್ಷ ಬಳಿಯುವುದು ಅಗತ್ಯ.

ಕೆಲವು ಎಚ್ಚರಿಕೆಗಳನ್ನೂ ಹೇಳಲೇಬೇಕು. ಶೀಟಿನ ಛಾವಣಿ ಮನುಷ್ಯನ ಭಾರಕ್ಕೆ ಮುರಿಯುತ್ತದೆ, ವಿದ್ಯಾರ್ಥಿಗಳು ಅದರ ಮೇಲೆ ಹತ್ತಬಾರದು. ಅದು ಕಸುಬುದಾರರ ಕೆಲಸ. ಹಳೆಯ ಕಲ್ನಾರು ಶೀಟನ್ನು ಕೆರೆಯಬಾರದು, ತೂತು ಕೊರೆಯಬಾರದು. ಅದರ ಧೂಳು ಶ್ವಾಸಕೋಶಕ್ಕೆ ಅಪಾಯ. ಸುಣ್ಣ ಕಣ್ಣಿಗೆ ಬೀಳದಂತೆ ನೋಡಿಕೊಳ್ಳಬೇಕು. ಚಳಿಗೆಂದು ಕಿಟಕಿ ಬಾಗಿಲು ಮುಚ್ಚಿ ಒಳಗೆ ಕೆಂಡ ಇಟ್ಟುಕೊಳ್ಳಬಾರದು. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಮಾತು. ಅಮೆರಿಕದ ಕಾರ್ಯಕ್ರಮದಲ್ಲಿ ಒಂದು ಕೊರತೆ ಬಹುಕಾಲ ಉಳಿದಿತ್ತು. ಪರೀಕ್ಷೆಗೆ ಬಂದವರು ಛಾವಣಿ ಸೋರುತ್ತಿದ್ದರೆ, ಗೋಡೆಗೆ ಬೂಷ್ಟು ಹಿಡಿದಿದ್ದರೆ, ವೈರಿಂಗ್ ಕೆಟ್ಟಿದ್ದರೆ ‘ಮೊದಲು ಇದನ್ನು ಸರಿಪಡಿಸಿಕೊಳ್ಳಿ, ಆಮೇಲೆ ನಮ್ಮ ಕೆಲಸ’ ಎಂದು ಹಿಂತಿರುಗಬೇಕಾಗುತ್ತಿತ್ತು. ಒದ್ದೆಯಾಗುವ ಮಾಡಿನಲ್ಲಿ ಶಾಖ ತಡೆಯುವ ಪದರ ಹಾಕಿದರೆ ಅದು ಕೊಳೆತು ಹಾಳಾಗುತ್ತದೆ, ಅವರ ನಿಯಮಕ್ಕೆ ಕಾರಣವಿತ್ತು. ಆದರೆ ಫಲವೇನಾಯಿತು? ಯಾರ ಮನೆ ಎಲ್ಲಕ್ಕಿಂತ ಶಿಥಿಲವಾಗಿದೆಯೋ ಅವರಿಗೇ ನೆರವು ತಪ್ಪಿತು. ಇಂಥ ಮನೆಗಳನ್ನು ಮೊದಲು ದುರಸ್ತಿ ಮಾಡಲು 2022ರಲ್ಲಿ ಪ್ರತ್ಯೇಕ ನಿಧಿ ಬಂತು. ಕಾರ್ಯಕ್ರಮ ಆರಂಭವಾಗಿ ಆಗಲೇ 46 ವರ್ಷಗಳಾಗಿದ್ದವು. ಬಾಡಿಗೆಯವರ ಕಷ್ಟ ಇನ್ನೊಂದು. ಮನೆ ಮಾಲೀಕ ಒಪ್ಪದೆ ಕೆಲಸ ಆಗದು. ಮನೆ ಸುಧಾರಿಸಿದ ಮೇಲೆ ಬಾಡಿಗೆ ಏರಿದರೆ ನೆರವು ಮಾಲೀಕನಿಗೆ ಸೇರಿತೆಂದೇ ಅರ್ಥ.

ನಮ್ಮ ಸಂಸ್ಥೆ ಈ ಕೆಲಸಕ್ಕೆ ಕೈ ಹಾಕುವುದಾದರೆ ಆ ತಪ್ಪಿನಿಂದ ಪಾಠ ಕಲಿಯಬೇಕು. ಅರ್ಜಿ ಕೊಟ್ಟವರಿಗೆ ಮಾತ್ರ ಸುಣ್ಣ ಬಳಿದರೆ, ಅರ್ಜಿ ಬರೆಯಬಲ್ಲವರ ಮನೆ ಮಾತ್ರ ತಂಪಾದೀತು. ಅರ್ಜಿ ಬರೆಯಲಾರದ ವಿಧವೆಯ ಮನೆ, ಸೋರುವ ಮನೆ, ಹಾಸಿಗೆ ಹಿಡಿದವರಿರುವ ಮನೆ ಪಟ್ಟಿಯಲ್ಲಿ ಮೊದಲು ಬರಬೇಕು. ಸೋರಿಕೆ ನಿಲ್ಲಿಸುವುದು ಮೊದಲ ಕೆಲಸ, ಸುಣ್ಣ ನಂತರದ್ದು. ಬಾಡಿಗೆ ಮನೆಯಾದರೆ, ಇಷ್ಟು ಕಾಲ ಬಾಡಿಗೆ ಏರಿಸುವುದಿಲ್ಲವೆಂದು ಮಾಲೀಕರಿಂದ ಒಂದು ಬರಹ ಪಡೆಯಬೇಕು. ಓಣಿಯ ಹಿರಿಯರು ಹೋಗಿ ಕೇಳಿದರೆ ಇಲ್ಲವೆನ್ನುವವರು ಕಡಿಮೆ.

ವಿದ್ಯಾರ್ಥಿಗಳೇ, ನಿಮ್ಮಿಂದ ನಾನು ಕೇಳುವುದು ಹಣವಲ್ಲ. ಒಬ್ಬೊಬ್ಬರು ನಿಮ್ಮ ಓಣಿಯ ಹತ್ತು ಮನೆಗಳ ವಿವರ ಬರೆದು ತನ್ನಿರಿ. ಛಾವಣಿ ತಗಡೋ, ಶೀಟೋ, ಸ್ಲ್ಯಾಬೋ? ಸೋರುತ್ತದೆಯೇ? ಮಧ್ಯಾಹ್ನ ಒಳಗೆ ಇರುವವರು ಯಾರು? ಸ್ವಂತವೋ, ಬಾಡಿಗೆಯೋ? ಈ ನಾಲ್ಕು ಪ್ರಶ್ನೆ ಸಾಕು. ವಿಚಾರಿಸುವಾಗ ಖಾಲಾ, ಚಾಚಾ, ಅಕ್ಕ, ಅಣ್ಣ ಎಂದು ಮನೆಯ ಮಕ್ಕಳಂತೆ ಮಾತನಾಡಿರಿ. ಕಚೇರಿಯ ತನಿಖೆಯಂತೆ ಆಗಬಾರದು. ಯಾರ ಬಡತನದ ವಿವರವೂ ಓಣಿಯ ಮಾತಾಗಬಾರದು. ಉರ್ದುವಿನಲ್ಲಾದರೂ ಬರೆಯಿರಿ, ಕನ್ನಡದಲ್ಲಾದರೂ ಬರೆಯಿರಿ, ಎರಡನ್ನೂ ಸೇರಿಸಿ ಒಂದು ಪಟ್ಟಿ ಮಾಡಲು ನಾನು ಸಿದ್ಧ. ಆ ಪಟ್ಟಿ ಕೈಯಲ್ಲಿದ್ದರೆ ಪದಾಧಿಕಾರಿಗಳು ದಾನಿಗಳ ಬಳಿಗೂ ನಗರಪಾಲಿಕೆಯ ಬಳಿಗೂ ಧೈರ್ಯವಾಗಿ ಹೋಗಬಹುದು.

ಪಟ್ಟಿ ಜನವರಿಯೊಳಗೆ ಬಂದರೆ ಫೆಬ್ರವರಿಯಲ್ಲಿ ಕೆಲಸ ಮುಗಿಯುತ್ತದೆ, ಮಾರ್ಚಿನ ಪರೀಕ್ಷೆಗೆ ಕೆಲವು ಮಕ್ಕಳಾದರೂ ತುಸು ತಂಪಾದ ಮನೆಯಲ್ಲಿ ಓದುತ್ತಾರೆ.