ಡಿಗ್ರಿ ಕೊಡದ ಫೆಲೋಶಿಪ್‌ಗೆ ಹೋಗ್ಬೇಕಾ?

ಕೆಲಸಕ್ಕೆ ಸೇರಿ ಆರೇಳು ವರ್ಷ ಆಗಿದೆಯಾ? ಹಾಗಾದ್ರೆ ಇವತ್ತಿನ ಎಪಿಸೋಡ್ ನಿಮಗೆ. ವಿಷಯ, ಹ್ಯೂಬರ್ಟ್ ಹಂಫ್ರಿ ಫೆಲೋಶಿಪ್. ಅಮೆರಿಕದ ಉಪಾಧ್ಯಕ್ಷರಾಗಿದ್ದ ಹಂಫ್ರಿ ನೆನಪಿಗೆ, ಅವರು ತೀರಿಕೊಂಡ 1978ರಲ್ಲೇ ಅಧ್ಯಕ್ಷ ಜಿಮ್ಮಿ ಕಾರ್ಟರ್ ಇದನ್ನ ಶುರು ಮಾಡಿದ್ರು. ದುಡ್ಡು ಅಲ್ಲಿನ ವಿದೇಶಾಂಗ ಇಲಾಖೆಯದು. ಟ್ಯೂಷನ್ ಫೀ, ವಿಮಾನದ ಟಿಕೆಟ್, ತಿಂಗಳ ಖರ್ಚು ಎಲ್ಲ ಅದರಲ್ಲೇ.

ಸುಮಾರು 10 ತಿಂಗಳು ಅಲ್ಲಿನ ಯೂನಿವರ್ಸಿಟಿಯಲ್ಲಿ ಇರ್ತೀರಿ. ಆದ್ರೆ ಡಿಗ್ರಿ ಸಿಗಲ್ಲ. "ಮತ್ಯಾಕೆ ಹೋಗ್ಬೇಕು?" ಅಂತ ಮನೇಲಿ ಕೇಳೇ ಕೇಳ್ತಾರೆ. ನೋಡಿ, ಇದು ಈಗಾಗಲೇ ಕೆಲಸ ಗೊತ್ತಿರೋರಿಗೆ. ಕನಿಷ್ಠ 5 ವರ್ಷ ಅನುಭವ ಬೇಕು. ಸಾರ್ವಜನಿಕ ಆರೋಗ್ಯ, ಪತ್ರಿಕೋದ್ಯಮ, ಕೃಷಿ, ನಗರ ಯೋಜನೆ ಇಂಥ ಕ್ಷೇತ್ರದವರು ಕ್ಲಾಸಿಗೂ ಹೋಗ್ತಾರೆ, ಅಲ್ಲಿನ ಸಂಸ್ಥೆಯೊಂದರಲ್ಲಿ ಕನಿಷ್ಠ 6 ವಾರ ಕೆಲಸಾನೂ ಮಾಡ್ತಾರೆ.

ಅಲ್ಲೇ ಉಳ್ಕೊಳ್ಳೋ ಪ್ಲಾನ್ ಇದ್ರೆ ಬೇಡ. ಇದು ಜೆ-1 ವೀಸಾ. ಮುಗಿಸಿ ಬಂದು 2 ವರ್ಷ ಸ್ವದೇಶದಲ್ಲಿ ಇರೋವರೆಗೂ ಎಚ್-1ಬಿ, ಗ್ರೀನ್ ಕಾರ್ಡ್ ಸಿಗಲ್ಲ. ವಿನಾಯಿತಿ ಕೇಳಬಹುದು, ಆದ್ರೆ ಅದನ್ನೇ ನಂಬ್ಕೊಂಡು ಹೊರಡೋ ಹಾಗಿಲ್ಲ.

ಇನ್ನು ಬಿ.ಕಾಂ ಓದಿದವನ ಲೆಕ್ಕ. ಸ್ಟೈಪೆಂಡ್ ಅಲ್ಲಿನ ನಿಮ್ಮ ಖರ್ಚಿಗೆ, ಇಲ್ಲಿನ ಇಎಂಐಗಲ್ಲ. ಅಷ್ಟು ದಿನ ರಜೆ ಕೊಡ್ತಾರಾ? ಸಂಬಳ ಬರುತ್ತಾ? ವಾಪಸ್ ಬಂದಾಗ ನಿಮ್ಮ ಕುರ್ಚಿ ಇರುತ್ತಾ? ಆಫೀಸಿಂದ ಲಿಖಿತವಾಗಿ ತಗೊಳ್ಳಿ. ಈ ವರ್ಷ ಅರ್ಜಿ ಕರೆದಿದ್ದಾರಾ ಅಂತ ಯುಎಸ್‌ಐಇಎಫ್ ವೆಬ್‌ಸೈಟಲ್ಲಿ ನೋಡಿ.

ಕೊನೆಗೆ ಒಂದು ಮಾತು. ಅರ್ಜಿ ಬರೆಯೋಕೆ ಮುಂಚೆ ಒಂದು ಹಾಳೇಲಿ ಬರೀರಿ: ಬಂದ್ಮೇಲೆ ಇಲ್ಲಿ ಏನ್ ಮಾಡ್ತೀನಿ? ಉತ್ತರ ಸ್ಪಷ್ಟ ಇದ್ರೆ ಡಿಗ್ರಿ ಇಲ್ಲ ಅನ್ನೋದು ನಷ್ಟವೇ ಅಲ್ಲ. ಸಿಗೋಣ.