ವೀಲ್ ಹೊರಗಿನದು, ಗೀರು ಯಾರದು?

ಕಾರು ಸರ್ವಿಸ್‌ಗೆ ಬಿಡ್ತೀರಿ. ಸಂಜೆ ತರೋಕೆ ಹೋದರೆ, ನೀವು ಹೊರಗಡೆ ದುಡ್ಡು ಕೊಟ್ಟು ಹಾಕಿಸಿದ ಅಲಾಯ್ ವೀಲ್ ಮೇಲೆ ಉದ್ದಕ್ಕೆ ಗೀರು. ಕೇಳಿದರೆ ಸರ್ವಿಸ್ ಅಡ್ವೈಸರ್ ಏನಂತಾರೆ? "ಸಾರ್, ಅದು ಕಂಪನಿ ಪಾರ್ಟ್ ಅಲ್ಲ, ನಮ್ಮ ಜವಾಬ್ದಾರಿ ಬರಲ್ಲ."

ಅಲ್ಲ ಸ್ವಾಮಿ, ವಾರಂಟಿ ಬೇರೆ, ಜೋಪಾನ ಬೇರೆ. ಹೊರಗಿನ ವೀಲ್ ತಾನಾಗಿ ಬಿರುಕು ಬಿಟ್ಟರೆ ನಿಮ್ಮನ್ನು ಕೇಳೋದು ತಪ್ಪು, ಒಪ್ಪೋಣ. ಆದರೆ ನಿಮ್ಮ ಹುಡುಗ ಟೈರ್ ಬಿಚ್ಚುವಾಗ ಗೀರಿದರೆ? 1872ರ ಕರಾರು ಕಾಯ್ದೆಯ 151ನೇ ಕಲಂ ಸ್ಪಷ್ಟವಾಗಿದೆ. ನಂಬಿ ಒಪ್ಪಿಸಿದ ವಸ್ತುವನ್ನು, ವಿವೇಕ ಇರುವವನು ತನ್ನದನ್ನು ನೋಡಿಕೊಳ್ಳುವಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕು. ಅದನ್ನು ಯಾವ ಅಂಗಡಿಯಲ್ಲಿ ಕೊಂಡಿರಿ ಅಂತ ಕಾಯ್ದೆ ಕೇಳೋದಿಲ್ಲ.

ವೀಕ್ಷಕರೇ, ನಾವೂ ಎಡವುತ್ತೇವೆ. ಜಾಬ್ ಕಾರ್ಡ್ ಓದದೆ ಸಹಿ ಹಾಕ್ತೀವಿ. ಕೀ ಕೊಡುವ ಮೊದಲು ನಾಲ್ಕೂ ವೀಲ್ ಫೋಟೊ ತೆಗೀರಿ. ಹೊರಗಿನ ಪಾರ್ಟ್‌ಗಳನ್ನು ಕಾರ್ಡ್‌ನಲ್ಲಿ ಬರೆಸಿ. ಬಿಲ್ ಇಟ್ಟುಕೊಳ್ಳಿ. ಗೀರು ಕಂಡರೆ ಗೇಟ್ ದಾಟುವ ಮೊದಲೇ ಬರಹದಲ್ಲಿ ದೂರು ಕೊಡಿ. ಬಗ್ಗದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗ.

ವೀಲ್ ಹೊರಗಿನದೇ ಇರಬಹುದು. ಗೀರು ಮಾತ್ರ ನಿಮ್ಮ ವರ್ಕ್‌ಶಾಪಿನದ್ದೇ ಸ್ವಾಮಿ!